ಅರೆ ಕರಗಿದ ಕೋಳಿಮಾಂಸವನ್ನು ಮರಳಿ ಹೆಪ್ಪುಗಟ್ಟಿಸಬಹುದೇ?

ಸಂತೆಯಿಂದ ಕೋಳಿಯನ್ನು ಜೀವಸಹಿತ ತಂದು, ಅಂದೇ ಕೊಯ್ದು, ಅಂದೇ ಬೇಯಿಸಿ ಉಣ್ಣುತ್ತಿದ್ದ ಮನೆಗಳಲ್ಲಿ ಈ ಪ್ರಶ್ನೆಯು ಹುಟ್ಟುವುದಕ್ಕೆ ಆಸ್ಪದವೇ ಇರಲಿಲ್ಲ. ಈಗಲೂ ಕನ್ನಡ ನಾಡಿನ ಬಹು ಜನರು ಕಣ್ಣೆದುರಿಗೆ ಕೊಯ್ಯಿಸಿದ ಕೋಳಿಯನ್ನೇ ಮೆಚ್ಚುವರು. ಆದರೆ ಪಟ್ಟಣಗಳಲ್ಲಿ ಮಾತ್ರವೇ ಅಲ್ಲದೆ ಹಳ್ಳಿಗಳಲ್ಲಿಯೂ ಫ್ರಿಜ್ಜುಗಳು ಬಂದಿರುವುದರಿಂದ, ವರ್ಷತೊಡಕಿಗೆಂದೋ, ನೆಂಟರು ಬರುವರೆಂದೋ ಎರಡು ಮೂರು ಕಿಲೋ ಮಾಂಸವನ್ನು ಒಮ್ಮೆಗೇ ತಂದು ಫ್ರೀಜರಿನಲ್ಲಿಡುವ ವಾಡಿಕೆಯು ಬೆಳೆದಿದೆ. ಬೇಸಿಗೆಯಲ್ಲಿ ಕರೆಂಟು ಅರ್ಧ ದಿನ ನಿಂತು, ಕಲ್ಲಿನಂತಿದ್ದ ಮಾಂಸವು ಅಂಚುಗಳಲ್ಲಿ ಮೆತ್ತಗಾಗಿ ನಡುವೆ ಗಟ್ಟಿಯಾಗಿಯೇ ಉಳಿದಿರುವಾಗ, ಮನೆಯಾಕೆಗೆ ಎರಡೇ ದಾರಿಗಳು ತೋರುವುವು: ಎಲ್ಲವನ್ನೂ ಎಸೆಯುವುದು, ಇಲ್ಲವೇ ಏನೂ ಆಗಲಿಲ್ಲವೆಂಬಂತೆ ಸುಮ್ಮನಿದ್ದು, ಕರೆಂಟು ಬಂದಮೇಲೆ ಅದು ತಾನಾಗಿ ಮರಳಿ ಗಟ್ಟಿಯಾಗುವವರೆಗೆ ಕಾಯುವುದು.

ಒಮ್ಮೆ ಕರಗಿದ ಕೋಳಿಮಾಂಸವನ್ನು ಎಂದಿಗೂ ಮತ್ತೆ ಹೆಪ್ಪುಗಟ್ಟಿಸಕೂಡದೆಂಬ ಮಾತು ಎಲ್ಲೆಡೆಯೂ ಹಬ್ಬಿದೆ. ಈ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ಬ್ರಿಟನ್ನಿನ ಆಹಾರಾಧಿಕಾರಿಗಳು ಹಸಿಮಾಂಸದ ವಿಷಯದಲ್ಲಿ ಹೀಗೆಯೇ ವಿಧಿಸಿರುವರು. ಬೇಯಿಸಿದ ಮೇಲೆ ಬೇಕಾದರೆ ಹೆಪ್ಪುಗಟ್ಟಿಸಬಹುದೆನ್ನುವರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕೃಷಿ ಇಲಾಖೆಯವರಾದರೋ, ಫ್ರಿಜ್ಜಿನೊಳಗೇ ಕರಗಿದ ಮಾಂಸವನ್ನು ಬೇಯಿಸದೆಯೇ ಮರಳಿ ಹೆಪ್ಪುಗಟ್ಟಿಸಿದರೆ ಅಪಾಯವಿಲ್ಲ, ಗುಣ ಮಾತ್ರ ಕೊಂಚ ಕುಂದುವುದು ಎನ್ನುತ್ತಾರೆ. ಎರಡು ದೇಶಗಳಲ್ಲಿಯೂ ಕೋಳಿ ಒಂದೇ, ಕ್ರಿಮಿಯೂ ಒಂದೇ. ಭೇದವಿರುವುದು ಜನರಿಗೆ ತಿಳಿಯಹೇಳುವ ರೀತಿಯಲ್ಲೆಂದೇ ಭಾವಿಸಬೇಕು. ಒಂದು ಕಡೆ ನೆನಪಿನಲ್ಲಿಡಲು ಸುಲಭವಾದ ನಿಷೇಧವಿದೆ. ಇನ್ನೊಂದು ಕಡೆ ಕಾರಣವನ್ನು ಹೇಳಿ ವಿವೇಚನೆಯನ್ನು ಜನರಿಗೇ ಬಿಟ್ಟಿದೆ. ಬರಿಯ ನಿಷೇಧವು ಕನ್ನಡ ನಾಡಿನ ಮನೆಗಳಿಗೆ ಹೊಂದುವುದಿಲ್ಲ. ಅದನ್ನು ಒಮ್ಮೆ ಮೀರಿ ಏನೂ ಕೆಡುಕಾಗದೆ ಹೋದವರು ಮುಂದೆ ಯಾವ ಎಚ್ಚರಿಕೆಯನ್ನೂ ಲೆಕ್ಕಿಸುವುದಿಲ್ಲ. ಹೆದರಿದವರು ಒಳ್ಳೆಯ ಮಾಂಸವನ್ನು ನಾಯಿಗೆ ಹಾಕುವರು.

ಹೆಪ್ಪುಗಟ್ಟಿಸುವುದರಿಂದ ಮಾಂಸದಲ್ಲಿನ ಸೂಕ್ಷ್ಮಜೀವಿಗಳೆಲ್ಲವೂ ಸಾಯುವುವೆಂದು ಅನೇಕರು ನಂಬಿರುವರು. ಇದು ತಪ್ಪು. ಕೆಲವು ಸಾಯುವುದುಂಟು, ಉಳಿದವು ಒಣ ನೆಲದಲ್ಲಿನ ಬೀಜವು ಮಳೆಗಾಗಿ ಕಾಯುವಂತೆ ಬೆಚ್ಚನೆಯ ಗಳಿಗೆಗಾಗಿ ಕಾದಿರುವುವು. ಕೋಳಿಮಾಂಸದಲ್ಲಿ ಆಗಾಗ್ಗೆ ಕಂಡುಬರುವ ಸಾಲ್ಮೊನೆಲ್ಲಾ ಎಂಬ ಕ್ರಿಮಿಯು 5 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಬಹುಮಟ್ಟಿಗೆ ವೃದ್ಧಿಯಾಗದು. ಅದೇ ಕ್ರಿಮಿಯು 35 ಡಿಗ್ರಿಯ ಸೆಕೆಯಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು. ಹಾಗಾದರೆ 5 ಗಂಟೆಗಳಲ್ಲಿ ಒಂದು ಕ್ರಿಮಿಯು ಸಾವಿರವನ್ನು ಮೀರುವುದು. ಹೀಗೆ ಬೆಳೆದ ಗುಂಪನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಆ ಸಾವಿರವೂ ಹಾಗೆಯೇ ಉಳಿದು, ಮುಂದಿನ ಸಲ ಕರಗುವಾಗ ಅಲ್ಲಿಂದಲೇ ಲೆಕ್ಕವು ಮುಂದುವರಿಯುವುದು. ಆದಕಾರಣ ಮಾಂಸವು ಎಷ್ಟು ಸಲ ಹೆಪ್ಪುಗಟ್ಟಿತೆಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಅದು ಎಷ್ಟು ಬೆಚ್ಚಗಾಗಿತ್ತು, ಎಷ್ಟು ಹೊತ್ತು ಹಾಗಿತ್ತು ಎಂಬುದನ್ನೇ ವಿಚಾರಿಸತಕ್ಕದ್ದು.

ಮುಚ್ಚಿದ ಫ್ರೀಜರಿನಲ್ಲಿ ಅಥವಾ ಫ್ರಿಜ್ಜಿನಲ್ಲಿ ಕರಗುತ್ತಿರುವ ಮಾಂಸದಲ್ಲಿ ಇನ್ನೂ ಮಂಜಿನ ಹರಳುಗಳು ಕಾಣುತ್ತಿದ್ದರೆ, ಅಥವಾ ಅದು ಫ್ರಿಜ್ಜಿನಷ್ಟೇ, ಎಂದರೆ 4 ಡಿಗ್ರಿಯಷ್ಟು, ತಣ್ಣಗಿದ್ದರೆ, ಮರಳಿ ಹೆಪ್ಪುಗಟ್ಟಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಇದೇ ಪರೀಕ್ಷೆಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟ ಕೋಳಿಗೆ ಹಚ್ಚುವುದು ದೊಡ್ಡ ಪ್ರಮಾದ. ಐಸು ಬಿಡಲೆಂದು ಬೆಳಿಗ್ಗೆ ಕಟ್ಟೆಯ ಮೇಲೋ ಸಿಂಕಿನಲ್ಲೋ ಇಟ್ಟ ಇಡೀ ಕೋಳಿಯ ಒಡಲಲ್ಲಿ ಮಧ್ಯಾಹ್ನಕ್ಕೂ ಮಂಜು ಉಳಿದಿರಬಹುದು. ಮೇಲಿನ ಚರ್ಮವು ಮಾತ್ರ ಆ ವೇಳೆಗೆ ಕೋಣೆಯಷ್ಟೇ ಬೆಚ್ಚಗಾಗಿರುವುದು. ಕ್ರಿಮಿಗಳು ಹೆಚ್ಚಾಗಿ ಇರತಕ್ಕದ್ದು ಹೊರಮೈಯಲ್ಲಿಯೇ. ಒಳಗಿನ ಮಂಜನ್ನು ಕಂಡು ಹೊರಗಿನ ಸುರಕ್ಷತೆಯನ್ನು ಊಹಿಸುವುದು, ಬಾವಿಯಲ್ಲಿ ನೀರಿದೆಯೆಂದು ಗದ್ದೆ ನೆನೆದಿದೆಯೆನ್ನುವಂತಾಗುವುದು. ಹೀಗೆ ಹೊರಗೆ 2 ಗಂಟೆಗಳಿಗೆ ಮೀರಿ ಇದ್ದ ಮಾಂಸವನ್ನು, ಹಗಲಿನ ಸೆಕೆಯು 32 ಡಿಗ್ರಿಯನ್ನು ಮೀರಿದ್ದರೆ 1 ಗಂಟೆಗೆ ಮೀರಿ ಇದ್ದುದನ್ನು, ಮರಳಿ ಹೆಪ್ಪುಗಟ್ಟಿಸುವುದಿರಲಿ, ಉಣ್ಣುವುದೂ ಸಲ್ಲದು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಆ ಒಂದು ಗಂಟೆಯ ಲೆಕ್ಕವೇ ಲೆಕ್ಕ. ಚೆನ್ನಾಗಿ ಕುದಿಸಿದರೆ ಎಲ್ಲವೂ ಸರಿಹೋಗುವುದೆಂಬ ವಾದವುಂಟಷ್ಟೆ. ಕುದಿತಕ್ಕೆ ಕ್ರಿಮಿಗಳು ಸಾಯುವುದೇನೋ ನಿಜವೇ, ಆದರೆ ಸ್ಟ್ಯಾಫಿಲೋಕಾಕಸ್ ಎಂಬ ಜಾತಿಯು ಬೆಳೆಯುವಾಗ ಬಿಟ್ಟ ವಿಷವು ಕುದಿತಕ್ಕೂ ಜಗ್ಗದು. ಮೂಗನ್ನು ನಂಬುವುದೂ ತರವಲ್ಲ. ನಾರುವಂತೆ ಮಾಡುವ ಕ್ರಿಮಿಗಳು ಬೇರೆ, ಕಾಯಿಲೆ ತರುವುವು ಬೇರೆ.

ಕರೆಂಟು ನಿಂತಾಗ ಮಾಡತಕ್ಕ ಮೊದಲ ಕೆಲಸವೆಂದರೆ ಬಾಗಿಲನ್ನು ತೆರೆಯದಿರುವುದು. ತುಂಬಿದ ಫ್ರೀಜರು ಬಾಗಿಲು ಮುಚ್ಚಿದ್ದರೆ ಸುಮಾರು 48 ಗಂಟೆಗಳೂ, ಅರ್ಧ ತುಂಬಿದ್ದು 24 ಗಂಟೆಗಳೂ ತಣ್ಣಗಿರುವುದೆಂದು ಹೇಳುವರು. ಇದು ಪ್ರತ್ಯೇಕವಾದ ದೊಡ್ಡ ಫ್ರೀಜರಿನ ಮಾತು. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಸಣ್ಣ ಗೂಡಿಗೆ ಈ ಲೆಕ್ಕವನ್ನು ನೆಚ್ಚಲಾಗದು.

ಗುಣದ ವಿಷಯ. ಮನೆಯ ಫ್ರೀಜರು ಮಾಂಸವನ್ನು ನಿಧಾನವಾಗಿ ಹೆಪ್ಪುಗಟ್ಟಿಸುವುದರಿಂದ ಮಂಜಿನ ಹರಳುಗಳು ದೊಡ್ಡವಾಗಿ ಬೆಳೆದು ಮಾಂಸದ ಎಳೆಗಳನ್ನು ಹರಿಯುವುವು. ಕರಗಿದಾಗ ರಸವು ಸೋರಿ ಹೋಗುವುದು. ಎರಡನೆಯ ಸಲ ಇದು ಇನ್ನೂ ಹೆಚ್ಚುವುದು. ಹುರಿದರೆ ನಾರುನಾರಾಗಿ ತೋರುವ ಇಂಥ ಮಾಂಸವು ಮಸಾಲೆ ಅರೆದು ಮಾಡಿದ ಸಾರಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ.

ಫ್ರಿಜ್ಜಿನ ಉಷ್ಣವನ್ನು ಅಳೆಯುವ ಸಾಧನವು ಬಹುತೇಕ ಮನೆಗಳಲ್ಲಿಲ್ಲ. ಆದುದರಿಂದ ಮಂಜೇನೋ ಹೋಗಿದೆ, ಮಾಂಸವು ಇನ್ನೂ ತಣ್ಣಗಿದೆ, ಕಾಲವೂ ಮೀರಿಲ್ಲ ಎಂಬ ಸಂದರ್ಭದಲ್ಲಿ ಹಸಿಯಾಗಿ ಮರಳಿ ಇಡುವುದಕ್ಕಿಂತ ಒಡನೆಯೇ ಬೇಯಿಸಿಬಿಡುವುದು ಮೇಲು. ತುಂಡಿನ ನಡುಭಾಗವು 74 ಡಿಗ್ರಿಯನ್ನು ಮುಟ್ಟುವಂತೆ ಬೇಯಿಸಿ, ಸಣ್ಣ ಪಾತ್ರೆಗಳಲ್ಲಿ ಬೇಗನೆ ಆರಿಸಿ, ಬೆಂದ ಸಾರನ್ನೇ ಹೆಪ್ಪುಗಟ್ಟಿಸಬಹುದು. ಈ ಅಂಶದಲ್ಲಿ ಬ್ರಿಟನ್ನಿನವರ ಕಟ್ಟಳೆಯೇ ಇಲ್ಲಿಯ ಮನೆಗಳಿಗೆ ಹೆಚ್ಚು ಒಪ್ಪುವುದು.

ಅಂಗಡಿಯವರ ಸಂಗತಿ ಬೇರೆ. ಮನೆಯಾಕೆಗೆ ಕರೆಂಟು ಎಷ್ಟು ಹೊತ್ತು ನಿಂತಿತ್ತೆಂಬುದು ತಿಳಿದಿರುವುದು. ಕೊಳ್ಳುವವನಿಗೆ ಅಂಗಡಿಯಲ್ಲಿ ನಡೆದುದು ಏನೂ ತಿಳಿಯದು. ರಾತ್ರಿ ಫ್ರೀಜರನ್ನು ಆರಿಸಿ ಬೆಳಿಗ್ಗೆ ಹಚ್ಚುವ ವ್ಯಾಪಾರಿಯು ಉಳಿಸುವ ಕಾಸಿಗೆ ಬೆಲೆ ತೆರುವವನು ಗಿರಾಕಿಯೇ. ಪೊಟ್ಟಣದ ಒಂದು ಮೂಲೆಯಲ್ಲಿ ಕೆಂಪು ರಸವು ಗಡ್ಡೆಗಟ್ಟಿದ್ದರೆ, ತುಂಡುಗಳು ಒಂದಕ್ಕೊಂದು ಅಂಟಿ ಆಕಾರಗೆಟ್ಟಿದ್ದರೆ, ಅದು ನಡುವೆ ಕರಗಿತ್ತೆಂದು ಶಂಕಿಸಿ ಬಿಟ್ಟುಬರುವುದೇ ಲೇಸು.

ಊರಿಗೆ ಹೋಗಿ ಬರುವವರು ಒಂದು ಉಪಾಯವನ್ನು ಮಾಡಬಹುದು. ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯವನ್ನಿಟ್ಟು, ಲೋಟವನ್ನು ಫ್ರೀಜರಿನಲ್ಲಿಯೇ ಬಿಟ್ಟುಹೋಗತಕ್ಕದ್ದು. ಬಂದಾಗ ನಾಣ್ಯವು ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳಕ್ಕಿಳಿದು ಮಂಜಿನಲ್ಲಿ ಹೂತಿದ್ದರೆ ಎಲ್ಲವೂ ಒಮ್ಮೆ ಕರಗಿ ಮರಳಿ ಗಟ್ಟಿಯಾಗಿದೆ. ಎಷ್ಟು ಹೊತ್ತು ಕರಗಿತ್ತೆಂಬುದನ್ನು ನಾಣ್ಯವು ಹೇಳಲಾರದಾದ್ದರಿಂದ, ಕಲ್ಲಿನಂತೆ ಕಂಡರೂ ಆ ಮಾಂಸವನ್ನು ಎಸೆಯಬೇಕು.