ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಒಂದು ಕುರ್ಚಿಗೆ ಎಷ್ಟು ಜನ ಪೈಪೋಟಿ ಮಾಡಬಹುದು ಸ್ವಾಮಿ? ನಾಲ್ಕು? ಹತ್ತು? ಹೋಗಲಿ, ಇಪ್ಪತ್ತು ಅನ್ನಿ. 1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಳಗಾವಿಯ ಒಂದೇ ಒಂದು ಕುರ್ಚಿಗೆ ಕಣದಲ್ಲಿ ನಿಂತವರು 456 ಮಂದಿ! ಕುಂತವರು, ನಿಂತವರು, ಬಾಗಿಲಲ್ಲಿ ಜೋತುಬಿದ್ದವರು ಎಲ್ಲ ಸೇರಿಸಿ ತುಂಬಿದರೂ ಇವರನ್ನು ಸಾಗಿಸಲು ಐದಾರು ಕೆಂಪು ಬಸ್ಸು ಬೇಕಾಗುತ್ತಿತ್ತು.

ಇದು ಬೆಳಗಾವಿಯೊಂದರ ಕತೆಯಲ್ಲ. ಅದೇ ಚುನಾವಣೆಯಲ್ಲಿ ಆಗಿನ ಆಂಧ್ರದ ನಲ್ಗೊಂಡದಲ್ಲಿ 480 ಜನ. ಅದೇ ವರ್ಷ ತಮಿಳುನಾಡಿನ ಈರೋಡ್ ಸೀಮೆಯ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1,033 ಹುರಿಯಾಳುಗಳು! ಓಟಿನ ಯಂತ್ರ ಊರೂರಿಗೆ ಬರುವ ಮುಂಚಿನ ಕಾಲ ಅದು. ಕಾಗದದ ಮೇಲೆ ಮುದ್ರೆ ಒತ್ತಬೇಕು. ಸಾವಿರ ಹೆಸರು ಒಂದು ಹಾಳೆಯಲ್ಲಿ ಹಿಡಿಯುತ್ತದೆಯೇ? ಮತಪತ್ರವನ್ನೇ ಪುಸ್ತಕದ ರೂಪದಲ್ಲಿ ಅಚ್ಚು ಹಾಕಿಸಬೇಕಾಯಿತು. ಮತದಾರ ಪುಟ ತಿರುವಿ ತಿರುವಿ ತನ್ನವನನ್ನು ಹುಡುಕಬೇಕು. ಎಣಿಕೆ ಮುಗಿದಾಗ 88 ಮಂದಿಗೆ ಒಂದೇ ಒಂದು ಓಟೂ ಬಿದ್ದಿರಲಿಲ್ಲ. ಅಂದರೆ ತಮ್ಮ ಓಟು ಕೂಡ ತಮಗೆ ಬಿದ್ದಿರಲಿಲ್ಲ!

ಇವರಿಗೆಲ್ಲ ತಲೆ ಕೆಟ್ಟಿತ್ತೇ? ಖಂಡಿತ ಇಲ್ಲ. ಗೆಲ್ಲುವುದಿಲ್ಲ ಅಂತ ಅವರಿಗೂ ಗೊತ್ತಿತ್ತು.

ನಲ್ಗೊಂಡದವರು ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿ, ಮೂಳೆ ಸೊಟ್ಟಗಾದ ಊರುಗಳ ಜನ. ಈ ಸಂಕಟವನ್ನು ನಮ್ಮ ಪಾವಗಡದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯಲು ಒಳ್ಳೆ ನೀರು ಕೊಡಿ ಅಂತ ಕೇಳಿ ಕೇಳಿ ಸೋತವರು ಕೊನೆಗೆ ಬರೆದ ಅರ್ಜಿಯೇ ನಾಮಪತ್ರ. ಮೊಡಕುರಿಚಿಯ ರೈತರದೂ ಅದೇ ಪಾಡು. ಸರ್ಕಾರ ತಮ್ಮ ಬೇಡಿಕೆ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂಬ ಸಿಟ್ಟು.

ಬೆಳಗಾವಿಯಲ್ಲಿ ಹಿಂಡುಗಟ್ಟಿ ನಾಮಪತ್ರ ಹಾಕಿಸಿದ್ದು ಮಹಾರಾಷ್ಟ್ರ ಏಕೀಕರಣ ಸಮಿತಿ. ಗಡಿ ತಕರಾರು ದಿಲ್ಲಿಗೆ ಕೇಳಿಸಲಿ ಎಂಬುದು ಅವರ ಲೆಕ್ಕಾಚಾರ. ಅವರ ಬೇಡಿಕೆ ನಮಗೆ ಒಪ್ಪಿಗೆಯಿಲ್ಲ. ಬೆಳಗಾವಿ ಕರ್ನಾಟಕದ್ದು, ಅದರಲ್ಲಿ ಎರಡು ಮಾತಿಲ್ಲ. ಆ ಸಲ ಗೆದ್ದವರೂ ಜನತಾದಳದ ಶಿವಾನಂದ ಕೌಜಲಗಿ. ಆದರೆ ನಮಗೆ ಒಪ್ಪಿಗೆಯಾಗದ ಮಾತನ್ನೂ ಆಡಲು ಬಿಡುವುದಕ್ಕೇ ಅಲ್ಲವೇ ಪ್ರಜಾಪ್ರಭುತ್ವ ಅನ್ನುವುದು? ಕಲ್ಲು ತೂರದೆ, ಬಸ್ಸಿಗೆ ಬೆಂಕಿ ಇಡದೆ, ಕಾನೂನು ಕೇಳಿದಷ್ಟು ದುಡ್ಡು ಕಟ್ಟಿ ಚುನಾವಣೆಗೆ ನಿಂತರೆ ಅದನ್ನು ಪುಂಡಾಟ ಅನ್ನಲಾದೀತೇ?

ಇಷ್ಟೆಲ್ಲ ಆದ ಮೇಲೆ ದಿಲ್ಲಿಯ ಪ್ರಭುಗಳು ಏನು ಮಾಡಿದರು? ನೀರಿನ ದೂರು ವಿಚಾರಿಸಿದರೇ? ರೈತರನ್ನು ಕರೆಸಿ ಮಾತಾಡಿದರೇ? ಅದೇ 1996ರ ಆಗಸ್ಟ್ ಹೊತ್ತಿಗೆ ಜನತಾ ಪ್ರಾತಿನಿಧ್ಯ ಕಾಯ್ದೆ ತಿದ್ದಿ ಠೇವಣಿಯನ್ನು ಏರಿಸಿಬಿಟ್ಟರು!

1951ರಿಂದ ಲೋಕಸಭೆಗೆ 500 ರೂಪಾಯಿ, ವಿಧಾನಸಭೆಗೆ 250 ರೂಪಾಯಿ ಇದ್ದ ಠೇವಣಿ ಒಂದೇ ಏಟಿಗೆ 10,000 ಮತ್ತು 5,000 ಆಯಿತು. ಅಂದರೆ ಇಪ್ಪತ್ತು ಪಟ್ಟು. 2010ರಲ್ಲಿ ಮತ್ತೆ ಏರಿ 25,000 ಮತ್ತು 10,000ಕ್ಕೆ ನಿಂತಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರಲ್ಲಿ ಅರ್ಧ. ಬಿದ್ದ ಸಿಂಧು ಓಟಿನಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಸೋತವನ ದುಡ್ಡು ಸರ್ಕಾರದ ಪಾಲು.

ಅಂಗಡಿಯವರೇ, ಒಂದಿಷ್ಟು ಲೆಕ್ಕ ಹಾಕಿ. ಬೆಳಗಾವಿಯ 456 ಜನರೂ ಪೂರ್ತಿ ಠೇವಣಿ ಕಟ್ಟಿದ್ದರೆ ಆಗ 2 ಲಕ್ಷ 28 ಸಾವಿರ. ಈಗಿನ ದರದಲ್ಲಿ 1 ಕೋಟಿ 14 ಲಕ್ಷ! ಪರಿಣಾಮ ಬೇಗ ಕಂಡಿತು. 1996ರಲ್ಲಿ ದೇಶದ ಎಲ್ಲ ಲೋಕಸಭಾ ಕ್ಷೇತ್ರಗಳಲ್ಲಿ ಒಟ್ಟು 13,952 ಮಂದಿ ಕಣದಲ್ಲಿದ್ದರು. 1998ಕ್ಕೆ ಅದು 4,750ಕ್ಕೆ ಇಳಿಯಿತು. ಅಧಿಕಾರಿಗಳು ನಿಟ್ಟುಸಿರು ಬಿಟ್ಟರು. ದೂರು ಮಾತ್ರ ದೂರಾಗಿಯೇ ಉಳಿಯಿತು.

ಹಾಗಂತ ಚುನಾವಣಾ ಆಯೋಗದ ಕಷ್ಟ ಸುಳ್ಳೆಂದು ನಾವು ಹೇಳುತ್ತಿಲ್ಲ. ಸಾವಿರ ಹೆಸರು ಅಚ್ಚು ಹಾಕಿಸುವುದು, ಅಷ್ಟೊಂದು ಜನರ ಓಟು ಎಣಿಸುವುದು ಹುಡುಗಾಟವಲ್ಲ. 1996ರಲ್ಲಿ ನಿಂತ ಹತ್ತು ಸಾವಿರಕ್ಕೂ ಮೀರಿದ ಪಕ್ಷೇತರರಲ್ಲಿ ಗೆದ್ದವರು ಬರೀ 9 ಮಂದಿ. ಎದುರಾಳಿಯ ಹೆಸರಿನವನನ್ನೇ ಹುಡುಕಿ ತಂದು ನಿಲ್ಲಿಸಿ ಓಟು ಒಡೆಯುವ ಡಮ್ಮಿಗಳ ಕಾಟವೂ ಉಂಟು. ಆದರೆ ಕೇಳುತ್ತೇನೆ, ಡಮ್ಮಿಗಳನ್ನು ನಿಲ್ಲಿಸುವವರು ಯಾರು? ದುಡ್ಡಿದ್ದ ಧಣಿಗಳೇ ತಾನೆ? ಅವರಿಗೆ 25 ಸಾವಿರ ಅಂದರೆ ಪ್ರಚಾರದ ಗಾಡಿಗಳ ಒಂದು ಹೊತ್ತಿನ ಡೀಸೆಲ್ ಖರ್ಚು. ಅದೇ ದುಡ್ಡು ಕೂಲಿಯವನಿಗೆ, ಗೂಡಂಗಡಿಯವನಿಗೆ ತಿಂಗಳುಗಟ್ಟಲೆ ದುಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅನ್ನುವುದು ಇದಕ್ಕೇ.

ಬರೆ ಒಂದೇ ಅಲ್ಲ, ಇನ್ನೂ ಎರಡುಂಟು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಜನ ಬೇಕು. ಮತದಾನಕ್ಕೆ ಮೊದಲು ಮಾನ್ಯತೆ ಪಡೆದ ಪಕ್ಷದ ಹುರಿಯಾಳು ತೀರಿಕೊಂಡರೆ ಮತದಾನ ಮುಂದಕ್ಕೆ ಹೋಗುತ್ತದೆ. 2018ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್ ನಿಧನರಾದಾಗ ಹಾಗೇ ಆಯಿತು, ಮತದಾನ ಜೂನ್ 11ಕ್ಕೆ ನಡೆಯಿತು. ಅದು ಸರಿಯೇ. ಆದರೆ ಪಕ್ಷೇತರ ಸತ್ತರೆ ಮತದಾನ ನಿಲ್ಲುವುದಿಲ್ಲ. ಕಾನೂನಿನ ತಕ್ಕಡಿಯಲ್ಲಿ ಅವನ ಜೀವದ ತೂಕವೂ ಕಡಿಮೆ!

ದುಡ್ಡಿನ ಬೇಲಿ ಹಾಕಿದರೆ ಜನ ಸುಮ್ಮನಾದರೇ? ಅದೂ ಇಲ್ಲ. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಮಂದಿ ಕಣಕ್ಕಿಳಿದರು. ಅವರಲ್ಲಿ 178 ಮಂದಿ ರೈತರು. ಅರಿಶಿನಕ್ಕೆ, ಕೆಂಪು ಜೋಳಕ್ಕೆ ಬೆಲೆ ಕೊಡಿ, ಅರಿಶಿನಕ್ಕೊಂದು ಮಂಡಳಿ ಮಾಡಿ ಎಂಬುದು ಅವರ ಕೂಗು. ಒಬ್ಬೊಬ್ಬ ಮತದಾರನ ಮುಂದೆ 12 ಯಂತ್ರ ಸಾಲಾಗಿ ಜೋಡಿಸಿಡಬೇಕಾಯಿತು! ಹಾಲಿ ಸಂಸದೆ, ಮುಖ್ಯಮಂತ್ರಿಯವರ ಮಗಳು ಕವಿತಾ ಸೋತರು. ಮಂಡಳಿ ತರುತ್ತೇನೆಂದು ಛಾಪಾ ಕಾಗದದ ಮೇಲೆ ಬರೆದುಕೊಟ್ಟ ಬಿಜೆಪಿಯ ಧರ್ಮಪುರಿ ಅರವಿಂದ್ ಗೆದ್ದರು. ಮಂಡಳಿ ಶುರುವಾಗಲು 2025ರ ಜನವರಿ ಬೇಕಾಯಿತು, ಆ ಮಾತು ಬೇರೆ. ಬಂದದ್ದಂತೂ ನಿಜ, ಕಚೇರಿ ನಿಜಾಮಾಬಾದಿನಲ್ಲೇ ಆದದ್ದೂ ನಿಜ. ಆ 178 ನಾಮಪತ್ರ ಬರೀ ತಮಾಷೆ ಅನ್ನುವವರು ಈಗ ಏನು ಹೇಳುತ್ತಾರೆ?

ಆದರೆ ಅರಿಶಿನ ಬೆಳೆಗಾರರಿಗೆ ಸಂಘವಿತ್ತು, ಹೇಗೋ ದುಡ್ಡು ಹೊಂದಿಸಿದರು. ಸಂಘವಿಲ್ಲದ ಬಡವ ಏನು ಮಾಡಬೇಕು? 2013ರಿಂದ 'ನೋಟಾ' ಕೊಟ್ಟಿದ್ದೇವಲ್ಲ, ಅದನ್ನು ಒತ್ತಲಿ ಅನ್ನುತ್ತಾರೆ. ಅದು ಬಾಯಿಲ್ಲದ ಗುಂಡಿ. 'ಬೇಡ' ಅನ್ನುತ್ತದೆಯೇ ಹೊರತು ಏನು ಬೇಕು ಅಂತ ಹೇಳುವುದಿಲ್ಲ.

ದಾರಿ ಇಲ್ಲದೇ ಇಲ್ಲ. ಐರ್ಲೆಂಡ್ ದೇಶದಲ್ಲಿ ಇದೇ ಠೇವಣಿ ಕಟ್ಟಲಾಗದವನೊಬ್ಬ ಕೋರ್ಟಿಗೆ ಹೋದ. ದುಡ್ಡಿಲ್ಲದವನನ್ನು ಹೊರಗಿಡುವುದು ಸಂವಿಧಾನಕ್ಕೆ ಒಪ್ಪುವ ಮಾತಲ್ಲ ಅಂತ 2001ರಲ್ಲಿ ತೀರ್ಪಾಯಿತು. ಅಲ್ಲಿನ ಸಂಸತ್ತಿಗೆ ನಿಲ್ಲುವ ಪಕ್ಷೇತರ ಈಗ 500 ಯೂರೋ ಕಟ್ಟಬಹುದು, ಇಲ್ಲವೇ 30 ಮತದಾರರ ಒಪ್ಪಿಗೆ ತರಬಹುದು. ಆಯ್ಕೆ ಅವನದು. ನಮ್ಮ ಕ್ಷೇತ್ರಗಳು ದೊಡ್ಡವು, ಮೂವತ್ತು ಸಾಲದಿದ್ದರೆ ಐನೂರು ಸಹಿ ಕೇಳಲಿ, ಸಾವಿರ ಕೇಳಲಿ. ಬೀದಿ ಬೀದಿ ಸುತ್ತಿ ಸಾವಿರ ಜನರ ಸಹಿ ತಂದವನು ಜೋಕರ್ ಆಗಿರಲಾರ. ಬಾಡಿಗೆಯ ಡಮ್ಮಿಗೆ ಅಷ್ಟು ಬೆವರು ಸುರಿಸುವ ಪುರಸೊತ್ತೂ ಇರಲಾರದು.

ವಿಧಾನಸೌಧದವರಿಗೂ ಪಾರ್ಲಿಮೆಂಟಿನವರಿಗೂ ನಮ್ಮದು ಇಷ್ಟೇ ಬಿನ್ನಹ: ದೂರು ತಂದವನ ಜೇಬು ತಡಕುವ ಮೊದಲು, ಅವನ ಕೈಯಲ್ಲಿರುವ ಕಾಗದ ಓದಿ.