ಮಣಿಪಾಲದ ಕ್ಲಾಸಿನಿಂದ ಹಂಗಾರಕಟ್ಟೆಯ ರೋಗಿಯವರೆಗೆ: ಆರೋಗ್ಯ ಐಟಿ ಓದು ಎಲ್ಲಿಗೆ ಮುಟ್ಟಬೇಕು?

ಹಂಗಾರಕಟ್ಟೆ: ಇಲ್ಲಿಂದ ದೊಡ್ಡಾಸ್ಪತ್ರೆಗೆ ಹೊರಟ ಹಿರಿಯರ ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಇರುತ್ತದೆ. ಒಳಗೆ ಹಳೇ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟು, ಸ್ಕ್ಯಾನಿಂಗ್ ಫಿಲ್ಮು, ಮುಗಿದುಹೋದ ಮಾತ್ರೆಯ ಹಾಳೆ. ಮಳೆಗಾಲದಲ್ಲಿ ಅರ್ಧ ಒದ್ದೆಯಾಗಿರುತ್ತದೆ. “ಯಾವ ಮಾತ್ರೆ ತಗೊಳ್ತಾ ಇದ್ರಿ?” ಅಂತ ಡಾಕ್ಟ್ರು ಕೇಳಿದರೆ, “ಬೆಳಿ ಬಣ್ಣದ್ ಸಣ್ಣ ಮಾತ್ರಿ, ರಾತ್ರಿ ಒಂದ್” ಅನ್ನುವುದೇ ಉತ್ತರ.

ಈ ತೊಟ್ಟೆಯ ಜಾಗಕ್ಕೆ ಕಂಪ್ಯೂಟರ್ ದಾಖಲೆ ತರುವ ಕೆಲಸಕ್ಕೆ ಈಗ ಒಂದು ಪ್ರತ್ಯೇಕ ಓದೇ ಇದೆ. ಅದು ದೂರದ ಊರಿನ ಸುದ್ದಿಯೂ ಅಲ್ಲ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಎಂಬ ವಿಭಾಗವಿದೆ. ಪದವಿ ಮಾತ್ರವಲ್ಲ, ಸ್ನಾತಕೋತ್ತರ ಓದೂ ಅಲ್ಲಿದೆ. ಬಿಸಿಎ, ಬಿಎಸ್ಸಿ ಮುಗಿಸಿದ ಮಗನನ್ನೋ ಮಗಳನ್ನೋ “ಮುಂದೆ ಎಂತ ಓದ್ಸುದು ಮರಾಯ್ರೆ?” ಎಂದು ಕೇಳುವ ಮನೆಗಳಿಗೆ ಈ ಹೆಸರು ಇನ್ನೂ ಅಷ್ಟು ಪರಿಚಯವಿಲ್ಲ.

ಇದರಲ್ಲಿ ಕಲಿಸುವುದೇನು?

ಇದು ಬರೀ ಸಾಫ್ಟ್‌ವೇರ್ ಕೋರ್ಸ್ ಅಲ್ಲ, ಬರೀ ಆಸ್ಪತ್ರೆಯ ಕೋರ್ಸೂ ಅಲ್ಲ. ಒಬ್ಬ ರೋಗಿಯ ಮಾಹಿತಿ ಚೀಟಿ ಮಾಡಿಸುವ ಕೌಂಟರಿನಿಂದ ಹೊರಟು ಡಾಕ್ಟರ ಕೋಣೆ, ಲ್ಯಾಬ್, ಔಷಧ ಕೌಂಟರ್, ಬಿಲ್ಲು, ವಿಮೆಯ ಕಡತದವರೆಗೆ ತಪ್ಪಿಲ್ಲದೆ ಸಾಗಬೇಕು. ಸಾಗಿಸುವ ವಿದ್ಯೆ ಇದು.

ಕಾಯಿಲೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಐಸಿಡಿ ಎಂಬ ಸಂಕೇತಗಳಿವೆ. ಅದರ ಹತ್ತನೇ ಆವೃತ್ತಿಯಲ್ಲಿ ರಕ್ತದೊತ್ತಡಕ್ಕೆ ಐ10, ಸಾಮಾನ್ಯವಾಗಿ ಕಾಣುವ ಟೈಪ್ 2 ಸಕ್ಕರೆ ಕಾಯಿಲೆಗೆ ಇ11. ಹನ್ನೊಂದನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಒಂದು ಆಸ್ಪತ್ರೆಯ ಕಂಪ್ಯೂಟರ್ ಇನ್ನೊಂದರ ಜೊತೆ ಮಾತಾಡಲು ಎಫ್‌ಎಚ್‌ಐಆರ್ ಎಂಬ ಮಾನದಂಡವಿದೆ. ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಹೇಗಿರಬೇಕೆಂದು ಕೇಂದ್ರ ಸರ್ಕಾರ 2013ರಲ್ಲಿ ಮಾನದಂಡ ಹೊರಡಿಸಿ, 2016ರಲ್ಲಿ ಪರಿಷ್ಕರಿಸಿದೆ.

ಪಾಠ ಮಾಡುವವರಿಗೆ ಇರುವ ಕಷ್ಟ ಬೇರೆ. ಕ್ಲಾಸಿನಲ್ಲಿ ಎರಡು ತರದ ವಿದ್ಯಾರ್ಥಿಗಳು ಕೂರುತ್ತಾರೆ. ಕಂಪ್ಯೂಟರ್ ಕಡೆಯಿಂದ ಬಂದವರಿಗೆ ಡೇಟಾಬೇಸ್ ಗೊತ್ತು, ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸ್ ಹೇಗೆ ಕೆಲಸ ಮಾಡುತ್ತಾರೆಂಬುದು ಗೊತ್ತಿಲ್ಲ. ಆರೋಗ್ಯ ಕಡೆಯಿಂದ ಬಂದವರಿಗೆ ವಾರ್ಡ್ ಗೊತ್ತು, ಡೇಟಾಬೇಸ್ ಗೊತ್ತಿಲ್ಲ. ಇಬ್ಬರಿಗೂ ಒಂದೇ ಪಾಠ ಓದಿಸಿ ಪರೀಕ್ಷೆ ಬರೆಸಿದರೆ ಇಬ್ಬರೂ ಅರ್ಧ ಕಲಿತು ಹೊರಗೆ ಬರುತ್ತಾರೆ. ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ, ಆಸ್ಪತ್ರೆಯ ನಿಜವಾದ ಒಂದು ತೊಂದರೆ ಕೊಟ್ಟು ಬಿಡಿಸಲು ಹೇಳಿದಾಗ ಮಾತ್ರ ಓದು ಕೂಡಿಕೊಳ್ಳುತ್ತದೆ.

ಊರು ಗೊತ್ತಿಲ್ಲದ ಸಾಫ್ಟ್‌ವೇರ್

ನಮ್ಮೂರಿನ ಉದಾಹರಣೆಯನ್ನೇ ನೋಡಿ. ಲಕ್ಷ್ಮೀ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ‘ಕೆಎಸ್‌ಎಚ್’ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ‘ಎಕ್ಸ್’ ಹಾಕಿ ಬರೆಯುತ್ತಾರೆ. ಆಧಾರಿನಲ್ಲಿ ಒಂದು ತರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ತರ. ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲದ ಹಿರಿಯರು ಎಷ್ಟೋ ಮಂದಿ. ಕಂಪ್ಯೂಟರಿನ ಕಣ್ಣಿಗೆ ಒಬ್ಬರೇ ಅಮ್ಮ ಇಬ್ಬರಾಗುತ್ತಾರೆ. ಒಂದು ದಾಖಲೆಯಲ್ಲಿ ‘ಈ ಔಷಧ ಆಗಿ ಬರುವುದಿಲ್ಲ’ ಎಂದು ಬರೆದಿದ್ದರೆ, ಇನ್ನೊಂದರಲ್ಲಿ ಅದು ಕಾಣುವುದಿಲ್ಲ. ಇದು ಜೀವದ ಪ್ರಶ್ನೆ.

ಇನ್ನೊಂದು: ಆಳ ಸಮುದ್ರ ಮೀನುಗಾರಿಕೆಗೆ ಹೋದವರು ದಿನಗಟ್ಟಲೆ ನೀರಿನ ಮೇಲೆಯೇ ಇರುತ್ತಾರೆ. ಬಿಪಿ ತಪಾಸಣೆಯ ದಿನಕ್ಕೆ ಬರಲಿಲ್ಲವೆಂದರೆ ಪಟ್ಟಿಯಲ್ಲಿ ‘ಚಿಕಿತ್ಸೆ ಬಿಟ್ಟವರು’ ಎಂದು ಸೇರಿಬಿಡಬಹುದು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಅವರೆಲ್ಲ ದಡದಲ್ಲಿರುವ ಕಾಲ ಅದೇ. ತಪಾಸಣೆಯ ದಿನಾಂಕವನ್ನು ಇದಕ್ಕೆ ಹೊಂದಿಸಲು ದೊಡ್ಡ ತಂತ್ರಜ್ಞಾನ ಬೇಡ, ಊರು ಗೊತ್ತಿರುವ ಒಬ್ಬ ವಿದ್ಯಾರ್ಥಿ ಸಾಕು. ಹಂಗಾರಕಟ್ಟೆ, ಕೋಡಿಬೆಂಗ್ರೆ ಕಡೆಯ ಹುಡುಗ ಹುಡುಗಿಯರು ಈ ಓದಿಗೆ ಹೋಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಅಂಗಡಿಯವರಿಗೆ ಅರ್ಥವಾಗುವ ಲೆಕ್ಕ

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವಿಡೀ ಶುರುವಾಯಿತು. ಅದರಲ್ಲಿ ಸಿಗುವುದು 14 ಅಂಕಿಯ ಆಭಾ ಸಂಖ್ಯೆ. ಯುಪಿಐ ಬಳಸುವ ಅಂಗಡಿಯವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಯುಪಿಐಯಲ್ಲಿ ದುಡ್ಡು ಆ್ಯಪಿನೊಳಗೆ ಇರುವುದಿಲ್ಲ, ಬ್ಯಾಂಕಿನಲ್ಲಿರುತ್ತದೆ. ಹಾಗೆಯೇ ಇಲ್ಲಿ ದಾಖಲೆ ಒಂದೇ ಕಡೆ ರಾಶಿ ಬೀಳುವುದಿಲ್ಲ, ಆಯಾ ಆಸ್ಪತ್ರೆ, ಲ್ಯಾಬಿನಲ್ಲೇ ಇರುತ್ತದೆ. ರೋಗಿ ಒಪ್ಪಿಗೆ ಕೊಟ್ಟರೆ ಮಾತ್ರ ಒಂದು ಕಡೆಯದ್ದು ಇನ್ನೊಂದು ಕಡೆ ಕಾಣಬೇಕು ಎಂಬುದು ಏರ್ಪಾಡು.

ಆದರೆ ಊರಿನಲ್ಲಿ ಒಂದು ಗೊಂದಲ ಇದ್ದೇ ಇದೆ. ಆಭಾ ಕಾರ್ಡ್ ತೋರಿಸಿದರೆ 5 ಲಕ್ಷದ ಉಚಿತ ಚಿಕಿತ್ಸೆ ಸಿಗುತ್ತದೆ ಎಂದು ನಂಬಿದವರಿದ್ದಾರೆ. ಅದು ತಪ್ಪು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಸೌಲಭ್ಯ ಇರುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ. ಆಭಾ ಬರೀ ದಾಖಲೆಯ ಸಂಖ್ಯೆ, ಕಡ್ಡಾಯವೂ ಅಲ್ಲ. ಮಾಡಿಸಲು ಸರ್ಕಾರಿ ಶುಲ್ಕವಿಲ್ಲ. ಮಾಡಿಕೊಡುತ್ತೇವೆ ಎಂದು ಫೋನಿನಲ್ಲಿ ಒಟಿಪಿ ಕೇಳಿದರೆ ಹೇಳಬಾರದು.

ಈ ವ್ಯತ್ಯಾಸವನ್ನು ಕೌಂಟರಿನಲ್ಲಿ ನಿಂತ ಅಜ್ಜನಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಬಾರದವರಿಗೆ ಎಷ್ಟು ಮಾರ್ಕ್ ಬಂದರೂ ಪ್ರಯೋಜನ ಕಡಿಮೆ. ‘ಒಪ್ಪಿಗೆ’ ಎಂಬ ಬಟನ್ ಒತ್ತಿಸುವುದು ಬೇರೆ, ಯಾವುದಕ್ಕೆ ಒಪ್ಪಿಗೆ ಎಂದು ತಿಳಿಸುವುದು ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದೂ ತಿಳಿದು ಕೊಟ್ಟ ಒಪ್ಪಿಗೆಯನ್ನೇ. ಸಣ್ಣ ಊರಿನಲ್ಲಿ ಇದು ಇನ್ನೂ ಸೂಕ್ಷ್ಮ. ಒಬ್ಬರ ಕಾಯಿಲೆಯ ಹೆಸರು ಹೊರಗೆ ಬಿದ್ದರೆ ಸಂಜೆಯೊಳಗೆ ಮೀನು ಮಾರ್ಕೆಟಿನವರೆಗೂ ಮುಟ್ಟುತ್ತದೆ. ಮದುವೆ ಮಾತುಕತೆಯೇ ನಿಂತು ಹೋಗಬಹುದು.

ಕರೆಂಟು ಹೋದರೆ, ಸರ್ವರ್ ನಿಂತರೆ

2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆಯಿತು. ದೇಶದ ಅಷ್ಟು ದೊಡ್ಡ ಆಸ್ಪತ್ರೆಯೇ ದಿನಗಟ್ಟಲೆ ಕೈಬರಹಕ್ಕೆ ಇಳಿಯಬೇಕಾಯಿತು. ಆಷಾಢದ ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಕರಾವಳಿಗೆ ಈ ಪಾಠ ಹೊಸದಲ್ಲ. ಕಂಪ್ಯೂಟರ್ ನಿಂತಾಗ ಆಸ್ಪತ್ರೆ ಹೇಗೆ ನಡೆಯಬೇಕು, ಕಾಗದದಲ್ಲಿ ಬರೆದದ್ದನ್ನು ಆಮೇಲೆ ಹೇಗೆ ಸೇರಿಸಬೇಕು ಎಂಬ ಅಭ್ಯಾಸ ಇಲ್ಲದ ಸಿಲೆಬಸ್ ಅರ್ಧ ಸಿಲೆಬಸ್.

ಫೀಸು ಕಟ್ಟುವ ಮೊದಲು

2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ಪಟ್ಟಿಯಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯವರಿಗೂ ಜಾಗ ಸಿಕ್ಕಿದೆ. ವೃತ್ತಿಗೆ ಹೆಸರು ಸಿಕ್ಕಿತು, ಒಳ್ಳೆಯದೇ. ಆದರೆ ಹೆಸರು ನೋಡಿ ಸಾಲ ಮಾಡುವುದು ಬೇಡ. ಖಾಸಗಿ ಓದಿನ ಖರ್ಚು ಸಣ್ಣ ಅಂಗಡಿಯ ಆದಾಯಕ್ಕೆ ಹಗುರವಲ್ಲ. ಯಾವ ಕಾಲೇಜೇ ಆಗಲಿ, ನಾಲ್ಕು ಪ್ರಶ್ನೆ ಕೇಳಿಯೇ ಮುಂದೆ ಹೋಗುವುದು ಕ್ಷೇಮ.

ಆಸ್ಪತ್ರೆಯೊಳಗೆ ಎಷ್ಟು ತಿಂಗಳ ತರಬೇತಿ? ಕಲಿಸುವವರಲ್ಲಿ ವೈದ್ಯಕೀಯದವರೂ ಕಂಪ್ಯೂಟರಿನವರೂ ಇದ್ದಾರಾ? ಹಿಂದಿನ ಬ್ಯಾಚಿನವರು ಈಗ ಯಾವ ಹುದ್ದೆಯಲ್ಲಿ, ಎಷ್ಟು ಸಂಬಳಕ್ಕಿದ್ದಾರೆ? ಕೋರ್ಸಿಗೆ ಮಾನ್ಯತೆ ಯಾರದ್ದು? ಕೆಲವು ತಿಂಗಳ ಮೆಡಿಕಲ್ ಕೋಡಿಂಗ್ ತರಬೇತಿಯೂ ಎರಡು ವರ್ಷದ ಸ್ನಾತಕೋತ್ತರವೂ ಒಂದೇ ಅಲ್ಲ. ಸಂಕೇತ ಹಾಕುವ ಸರಳ ಕೆಲಸವನ್ನು ಈಗ ಯಂತ್ರವೂ ಮಾಡತೊಡಗಿದೆ. ಯಂತ್ರ ಹಾಕಿದ್ದು ಸರಿಯಾ ಎಂದು ಚೀಟಿ ಓದಿ ಹೇಳಬಲ್ಲವರಿಗೆ ಮುಂದೆಯೂ ಕೆಲಸ ಇರುತ್ತದೆ.

ಕಾಲೇಜುಗಳಿಂದಲೂ ಊರು ಒಂದು ಕೇಳಬಹುದು. ವಿದ್ಯಾರ್ಥಿಗಳ ತರಬೇತಿಯಲ್ಲಿ ಕೆಲವು ವಾರವಾದರೂ ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಆಶಾ ಕಾರ್ಯಕರ್ತೆಯರ ಜೊತೆಗಿನ ಓಡಾಟಕ್ಕೆ ಮೀಸಲಾಗಲಿ. ದಿನವಿಡೀ ಮನೆಮನೆ ಸುತ್ತಿ, ಪುಸ್ತಕದಲ್ಲೂ ಬರೆದು, ಮೊಬೈಲಿನಲ್ಲೂ ತುಂಬುವ ಆಶಾ ಅಕ್ಕಂದಿರ ಡಬಲ್ ಕೆಲಸವನ್ನು ಒಂದು ಬ್ಯಾಚ್ ಕಣ್ಣಾರೆ ನೋಡಿದರೆ, ಮುಂದಿನ ಸಾಫ್ಟ್‌ವೇರ್ ಸ್ವಲ್ಪ ಬೇರೆಯೇ ಆದೀತು.

ಮಣಿಪಾಲ ಹಂಗಾರಕಟ್ಟೆಯಿಂದ ಬಸ್ಸಿಗೆ ದೂರವೇನಲ್ಲ. ಅಲ್ಲಿನ ಕ್ಲಾಸಿನಲ್ಲಿ ಕಲಿತದ್ದು ಇಲ್ಲಿಯ ಅಮ್ಮನ ತೊಟ್ಟೆಯವರೆಗೆ ಬಂದು ಮುಟ್ಟಿದರೆ, ಓದಿದವರಿಗೂ ಕೆಲಸ ಸಿಕ್ಕೀತು, ಊರಿಗೂ ಉಪಕಾರವಾದೀತು.