ಕ್ಷಮಿಸು ಎನ್ನುವ ಮೊದಲು



ಕೆಲವು ವರ್ಷಗಳ ಹಿಂದೆ, ಮಿಲ್ಲಿಗೆ ಹೋಗುವ ಒಬ್ಬ ತಂಗಿ ಪೂಜೆ ಮುಗಿದ ಮೇಲೆ ನನ್ನ ಹತ್ತಿರ ಬಂದು, ಮೇಸ್ತ್ರಿಯ ಕಾಟವನ್ನು ಹೇಳಿ ಅತ್ತಳು. ಉಪದೇಶಿಯಾದ ನಾನು, "ಕ್ಷಮಿಸಿಬಿಡಮ್ಮಾ, ದೇವರು ನೋಡಿಕೊಳ್ಳುತ್ತಾರೆ" ಎಂದು ಹೇಳಿ ಕಳುಹಿಸಿದೆ. ಆ ಮೇಲೆ ಅವಳು ದೇವಾಲಯಕ್ಕೆ ಬರಲಿಲ್ಲ. ತಪ್ಪು ಅವಳದಲ್ಲ, ನನ್ನದು.

ನಮ್ಮ ಚಿನ್ನಾಳಪಟ್ಟಿ ಇರುವ ಇದೇ ದಿಂಡುಗಲ್ ಜಿಲ್ಲೆಯಲ್ಲಿ, 2021ರ ಜನವರಿಯಲ್ಲಿ, ನಾಚ್ಚಿ ಅಪ್ಯಾರೆಲ್ ಎಂಬ ಉಡುಪು ಕಾರ್ಖಾನೆಯ ದಲಿತ ಕೆಲಸಗಾರ್ತಿಯೊಬ್ಬಳು ಕೊಲೆಯಾದಳು. ಪೊಲೀಸರು ಬಂಧಿಸಿದ್ದು ಅವಳ ಮೇಲ್ವಿಚಾರಕನನ್ನು. ತಿಂಗಳುಗಟ್ಟಲೆ ಅವನ ಕಾಟವಿತ್ತೆಂದು ಮನೆಯವರು ಹೇಳಿದರು. ಅಂಥವಳಿಗೆ ಬದುಕಿದ್ದಾಗ ಬೇಕಾಗಿದ್ದುದು ಕ್ಷಮೆಯ ಉಪದೇಶವೇ? ಅಥವಾ ಜೊತೆಯಲ್ಲಿ ನಿಲ್ಲುವ ನಾಲ್ಕು ಜನರೇ?

ಅರಸನಾದ ದಾವೀದನ ಮಗಳು ತಾಮಾರಳ ಕಥೆ ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ಮಲಸಹೋದರನೇ ಅವಳನ್ನು ಕೆಡಿಸಿದ. ಸ್ವಂತ ಅಣ್ಣ, ಸುಮ್ಮನಿರು ಎಂದ. ತಂದೆ ಕೋಪಗೊಂಡನೇ ಹೊರತು ಏನೂ ಮಾಡಲಿಲ್ಲ. ಅವಳು ಅಣ್ಣನ ಮನೆಯಲ್ಲಿ ಒಂಟಿಯಾಗಿ ಕೊರಗಿದಳು. ಕೊನೆಗೆ ಆ ಮನೆತನದಲ್ಲೇ ರಕ್ತ ಹರಿಯಿತು. ಮೌನ ಯಾರನ್ನೂ ಗುಣಪಡಿಸಲಿಲ್ಲ.

ಯೇಸುಸ್ವಾಮಿ ಕ್ಷಮಿಸಲು ಹೇಳಿದ್ದು ನಿಜ. ಆದರೆ ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ, ತಪ್ಪು ಮಾಡಿದ ಸಹೋದರನನ್ನು ಮೊದಲು ಗದರಿಸಬೇಕು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸಬೇಕು ಎಂಬ ಕ್ರಮವಿದೆ. ಜಕ್ಕಾಯನೂ ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ನಾವೋ, ಗದರಿಸುವ ಕೆಲಸವನ್ನು ಬಿಟ್ಟು, ಕ್ಷಮಿಸುವ ಭಾರವನ್ನು ಮಾತ್ರ ನೊಂದವಳ ತಲೆಯ ಮೇಲೆ ಹೊರಿಸುತ್ತೇವೆ.

ಈ ವಿಷಯದಲ್ಲಿ ಸರ್ಕಾರದ ಕಾನೂನೇ ನಮಗಿಂತ ಸೂಕ್ಷ್ಮವಾಗಿದೆ. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಕೇಳುವ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆಯವರಿಗೆ ಜಿಲ್ಲೆಯಲ್ಲಿ ಸಮಿತಿ ಉಂಟು. 3 ತಿಂಗಳೊಳಗೆ ಬರೆದು ಕೊಡಬೇಕು. ರಾಜಿ ಬೇಕೆಂದು ಅವಳೇ ಕೇಳಿದರೆ ಮಾತ್ರ ರಾಜಿ. ಅದಕ್ಕೂ ಹಣ ಆಧಾರವಾಗಕೂಡದು.

ಆ ಕೊಲೆಯ ಬಳಿಕ ಹೆಂಗಸರೇ ಮುನ್ನಡೆಸುವ ತಮಿಳುನಾಡು ಜವಳಿ ಕಾರ್ಮಿಕರ ಸಂಘ ಹೋರಾಡಿತು. 2022ರ ಏಪ್ರಿಲಿನಲ್ಲಿ ಕಾರ್ಖಾನೆಯ ಮಾಲೀಕ ಕಂಪನಿಯೂ ಹೊರದೇಶದ ಒಂದು ಬಟ್ಟೆ ಕಂಪನಿಯೂ 'ದಿಂಡುಗಲ್ ಒಪ್ಪಂದ'ದಲ್ಲಿ ಸೇರಿದುದು ಬೆಳಕಿಗೆ ಬಂತು. ಕೆಲಸಗಾರ್ತಿಯರೇ ತಮ್ಮ ಸಾಲಿನಲ್ಲಿ ಕಾವಲು ನಿಂತರು. ದೂರು ಕೊಟ್ಟವಳ ಮೇಲೆ ಸೇಡು ಕೂಡದೆಂದು ಬರಹದಲ್ಲಿ ಬಂತು. ಗಾಯ ಮಾಯುವುದು ಇಂಥ ಕಡೆಯಲ್ಲೇ.

ಆದ್ದರಿಂದ ಉಪದೇಶಿಗಳೇ, ಹಿರಿಯರೇ, ಮೊದಲು ಕೇಳೋಣ, ನಂಬೋಣ, ದೂರು ಬರೆಯಲು ಜೊತೆಗೆ ಹೋಗೋಣ. ಕ್ಷಮೆ ಅವಳ ಸೊತ್ತು. ಅವಳ ಕಾಲಕ್ಕೆ ಅವಳೇ ಕೊಡಲಿ. ಕ್ಷಮಿಸಿದರೂ ದೂರನ್ನು ಹಿಂತೆಗೆಯಬೇಕಾಗಿಲ್ಲ. ಆ ತಂಗಿಯ ಕ್ಷಮೆ ಕೇಳಬೇಕಾದವರಲ್ಲಿ ನಾನೂ ಒಬ್ಬ.